ದಾಳಿಂಬೆ ಗಿಡದ ಬುಡ

೧೧ ಫೆಬ್ರವರಿ ೧೯೮೪. ತುಮಕೂರು, ಆಸ್ಪತ್ರೆ

ಮೆಹರುನ್ನಿಸಾಳಿಗೆ ರಷ್ಯನ್ ಕಾದಂಬರಿಯ ಇನ್ನೊಂದು ಅಧ್ಯಾಯ ಓದಿದೆ. ಅನುವಾದ ಪರವಾಗಿಲ್ಲ. “ಈ ಹೆಸ್ರುಗಳು ಮುಗಿಯೋದ್ರೊಳಗೆ ನಂಗೆ ನಿದ್ದೆ ಬಂದ್ಬುಡುತ್ತೆ ಕಣ್ರೀ,” ಎಂದಳು. ಬಂದೂಬಿಟ್ಟಿತು.

ನಿನ್ನೆ ಅವಳ ಕರುಳಿನ ಗಡ್ಡೆ ತೆಗೆದರು. ಕೆಡದಂತೆ ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ ನನ್ನ ಕೈಗೇ ಕೊಟ್ಟಿದ್ದಾರೆ. ಸೋಮವಾರ ಬೆಂಗಳೂರಿನ ಲ್ಯಾಬಿಗೆ ಮುಟ್ಟಿಸಬೇಕು. ಕ್ಯಾನ್ಸರ್ ಕರುಳಿನ ಗೋಡೆ ದಾಟಿದೆಯೋ ಇಲ್ಲವೋ, ಅವರೇ ಹೇಳಬೇಕು. ದಾಟಿದ್ದರೆ... ಡಾಕ್ಟರು ನಿಲ್ಲಿಸಿದರು.

೧೩ ಫೆಬ್ರವರಿ. ಶಿರಾ, ಬೆಳಿಗ್ಗೆ

ವಾರ್ಡಿನಲ್ಲಿ ಅವಳ ತಂಗಿಯನ್ನು ಬಿಟ್ಟು ನಿನ್ನೆ ಮನೆಗೆ ಬಂದೆ. ರಾತ್ರಿ ಕಪಾಟಿನಲ್ಲಿಟ್ಟ ಬಾಟಲಿ ಈಗ ಇಲ್ಲ.

ಅತ್ತೆ ಅಖ್ತರ್ ಬೇಗಂ ನಮಾಜು ಮುಗಿಸಿ ಬಂದರು. “ದಫನ್ ಮಾಡ್ದೆ ಬೇಟಾ.”

ಮೈಯಿಂದ ಕತ್ತರಿಸಿದ್ದನ್ನು ಬಟ್ಟೆಯಲ್ಲಿ ಸುತ್ತಿ ಹೂಳುವುದು ನಮ್ಮಲ್ಲಿ ವಾಡಿಕೆ.

“ಅದು ಲ್ಯಾಬಿಗೆ ಹೋಗ್ಬೇಕಿತ್ತು ಅಮ್ಮಾ.”

“ನನ್ನ ಮಗಳ ಮೈ ಅದು. ಬಸ್ಸಲ್ಲಿ ಊರೂರು ತಿರುಗ್ಸೋಕೆ ಅದೇನು ಉಪ್ಪಿನಕಾಯಾ?”

ಅದಿಲ್ಲದೆ ಡಾಕ್ಟರಿಗೆ ಮುಂದಿನ ದಾರಿ ತಿಳಿಯುವುದಿಲ್ಲ ಎಂದೆ. ಅತ್ತೆ ಹಿತ್ತಲ ಬಾಗಿಲು ತೆಗೆದರು. ಆಮೇಲೆ ತಾವೇ ಗುದ್ದಲಿ ತಂದರು.

ಹಿತ್ತಲ ದಾಳಿಂಬೆ ಗಿಡದ ಬುಡ. ಬಿಳಿ ಬಟ್ಟೆ, ಒಳಗೆ ಬಾಟಲಿ. ಮುಚ್ಚಳ ತಿರುಗಿಸಲಾಗದೆ ಹಾಗೆಯೇ ಹೂತಿದ್ದರಂತೆ. ಒಂದು ಹನಿ ಚೆಲ್ಲಿರಲಿಲ್ಲ.

ಬಟ್ಟೆ ಬಿಚ್ಚಲು ಹೋದೆ. “ಅಂಗೇ ತಗೊಂಡೋಗು,” ಎಂದರು. “ಬಸ್ಸಲ್ಲಿ ಗಾಳಿ.”

ಅದೇ ದಿನ. ಬೆಂಗಳೂರು, ಸಂಜೆ

ಲ್ಯಾಬಿನ ಡಾಕ್ಟರು ನಂದೀಶ್ವರಯ್ಯ ಮಣ್ಣಾದ ಬಟ್ಟೆ ನೋಡಿದರು. ಮಡಿಸಿ ಬದಿಗಿಟ್ಟರು.

ವಿದೇಶದಲ್ಲಿ ಈಗ ಗಡ್ಡೆಯ ಜೀನುಗಳನ್ನೇ ನೋಡುತ್ತಿದ್ದಾರಂತೆ. ಜೀನು ಅದೇ, ಅದಕ್ಕೆ ಅಂಟಿಕೊಂಡಿರಬೇಕಾದ ಮೀಥೈಲ್ ಎಂಬ ಸಣ್ಣ ಗುರುತುಗಳು ಅಲ್ಲಲ್ಲಿ ಉದುರಿರುತ್ತವಂತೆ. “ಮುಂದೆ ಅದನ್ನ ನೋಡೇ ಕಾಯಿಲೆ ಎಷ್ಟು ಬೆಳೆದಿದೆ ಅಂತ ಹೇಳ್ಬಹುದೇನೋ. ಸದ್ಯಕ್ಕೆ ನಮ್ಮತ್ರ ಮೈಕ್ರೋಸ್ಕೋಪು, ಈ ಕಣ್ಣು.”

ಅಕ್ಷರಗಳೆಲ್ಲ ಇದ್ದು ವಿರಾಮಚಿಹ್ನೆ ಅಳಿಸಿಹೋದ ಪುಟ — ಬಸ್‌ಸ್ಟ್ಯಾಂಡಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಜೊತೆಗೆ ತಂದ ಕಾದಂಬರಿ ಓದಲಾಗಲಿಲ್ಲ.

೨೪ ಫೆಬ್ರವರಿ. ಬೆಂಗಳೂರು

ಗೋಡೆ ದಾಟಿಲ್ಲ. ಗಡ್ಡೆಯ ಸುತ್ತಲ ಗ್ರಂಥಿಗಳಲ್ಲೂ ಇಲ್ಲ. ಇನ್ನೊಮ್ಮೆ ಹೇಳಿಸಿಕೊಂಡೆ.

ಉಳಿದ ತುಂಡು ವಾಪಸು ಬೇಕೆಂದೆ. ನಂದೀಶ್ವರಯ್ಯ ಬಾಟಲಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಬಟ್ಟೆ ಒಗೆಸಿದ್ದರು.

೨೬ ಫೆಬ್ರವರಿ. ಶಿರಾ

ಮತ್ತೆ ಅದೇ ಕುಳಿ. ಈ ಸಲ ಮುಚ್ಚಳ ನಾನು ತೆಗೆದುಕೊಟ್ಟೆ. ಅತ್ತೆ ಮಣ್ಣು ಎಳೆದರು.

ನಿನ್ನೆ ಆಸ್ಪತ್ರೆಯಿಂದ ಬಂದ ಮೆಹರುನ್ನಿಸಾ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದಳು. “ನನ್ನ ಮಣ್ಣು ಮಾಡೋದನ್ನ ನಾನೇ ನೋಡ್ದಂಗಾಯ್ತು. ಮಿಕ್ಕಿದ್ದಕ್ಕೆ ಅವಸರ ಇಲ್ಲ ಬುಡಮ್ಮ.”

ಅತ್ತೆ ಬೈದರು. ಬೈಯುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡರು.

ಈಗ ಪುಸ್ತಕ ತನ್ನಿ ಎನ್ನುತ್ತಿದ್ದಾಳೆ. ನಿದ್ದೆ ಹೋದ ಪುಟಕ್ಕೆ ಗುರುತಿಟ್ಟಿದ್ದೇನೆ. ಆದರೆ ಅವಳು ಮೊದಲಿನಿಂದ ಓದಿ ಎಂದು — ಇಗೋ, ಮತ್ತೆ ಕರೆದಳು.