ಚಾಪೆಯ ಮೇಲಿನ ಹುಡುಗಿ

ಪ್ರಾರ್ಥನಾಲಯದ ಹಿಂದಿನ ಹಾಲ್
ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಅವಳ ಕಡೆ ನೋಡಬಾರದಿತ್ತು ಎಂದು ನೀನು ವ್ಯಾನಿನಲ್ಲಿ ಹೇಳಿದ್ದೆ. ಅದರ ಹಿಂದೆಯೇ ಇನ್ನೊಂದು ಮಾತು ಸೇರಿಸಿದ್ದೆ, ಅದೇನೆಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ, ನೆನಪಿಗೆ ಬರುತ್ತಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಮಾತು, ಅರ್ಧವಾದರೂ ಉಳಿದಿದೆಯಲ್ಲ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಹೊಲಿಗೆ ಕಾರ್ಖಾನೆಯಲ್ಲಿ ನಿನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆಂದು ಭಾವ ಹೇಳಿದರು. ಕೂರಲು ಒಂದು ಕುರ್ಚಿಯನ್ನಾದರೂ ಕೊಟ್ಟರೋ, ಅಥವಾ ಮೊದಲು ಕೂತು ಹೊಲಿಯುತ್ತಿದ್ದವಳು ಈಗ ನಿಂತು ಬೈಯುವುದಷ್ಟೇ ಬಡ್ತಿಯೋ? ಭಾವ ಮಾತ್ರೆ ಮರೆಯದೆ ನುಂಗುತ್ತಿದ್ದಾರೆ ತಾನೆ? ನಾನು ಚೆನ್ನಾಗಿದ್ದೇನೆ. ಕೂದಲು ಮಾತ್ರ ಮುಂದಿನಿಂದ ಹಿಂದಕ್ಕೆ ಸರಿಯುತ್ತಿದೆ. ನಿನ್ನ ಮಗಳ ಪ್ರಕಾರ ಅದು ನಾಚಿಕೆ ಸ್ವಭಾವದ ಕೂದಲು.

ಮಗಳೂ ಚೆನ್ನಾಗಿದ್ದಾಳೆ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ನೀನಿಟ್ಟ ಸಾಸಿವೆ ಎಂಬ ಹೆಸರು ಈಗ ನಮ್ಮ ನೃತ್ಯ ತಂಡದಲ್ಲಿ ಎಲ್ಲರಿಗೂ ಗೊತ್ತಾಗಿದೆ. ಬಾಯಿಬಿಟ್ಟವನು ನಾನೇ, ಎರಡು ದಿನ ಮಾತು ಬಿಟ್ಟಿದ್ದಳು. ಒಟ್ಟು ಒಂಬತ್ತು ಜನ ಹುಡುಗ ಹುಡುಗಿಯರು, ಯಾರಿಗೂ ಇಪ್ಪತ್ತೆರಡು ದಾಟಿಲ್ಲ. ನಮ್ಮ ಕಾಲದಲ್ಲಿ ನಾವು ಮಲಗುತ್ತಿದ್ದ ಹಾಗೆಯೇ ಇವರೂ ಹಾಲಿನ ಬೆಂಚುಗಳನ್ನು ಎರಡೆರಡು ಜೋಡಿಸಿ ಮಲಗುತ್ತಾರೆ. ಬಿಳಿ ಅಂಗಿಗಳು ವ್ಯಾನಿನ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತವೆ. ಸೀಮೆಸುಣ್ಣದಿಂದ ನೆಲದ ಮೇಲೆ ಚೌಕ ಬರೆದುಕೊಂಡು ಅದರೊಳಗೆ ಬರಿಗಾಲಲ್ಲಿ ಅಭ್ಯಾಸ ಮಾಡುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಚೌಕದ ಗೆರೆಗಳೆಲ್ಲ ಅಳಿಸಿ ಹಿಮ್ಮಡಿಗಳ ಗುರುತು ಮಾತ್ರ ಉಳಿದಿರುತ್ತದೆ. ಬದಲಾಗಿದ್ದೆಂದರೆ ನನ್ನ ಟೇಪ್‌ರೆಕಾರ್ಡರು. ಈಗ ಹಾಡುಗಳೆಲ್ಲ ಫೋನಿನಲ್ಲಿವೆ, ಗುಂಡಿ ಒತ್ತುವುದಷ್ಟೇ ನನ್ನ ಕೆಲಸ. ಊರಲ್ಲಿ ಸ್ಪೀಕರ್ ರಿಪೇರಿ ಅಂಗಡಿಗೆ ಹತ್ತು ದಿನ ಬಾಗಿಲು ಹಾಕಿ ಗುಂಡಿ ಒತ್ತಲು ಹೋಗುತ್ತಾನಲ್ಲ ಎಂದು ಜನ ನಗುತ್ತಾರೆ, ನಗಲಿ. ಈ ಹುಡುಗರ ಹಿಂದೆ ನಿಂತಾಗ ನನಗೆ ನನ್ನ ವಯಸ್ಸು ಕಾಣುವುದಿಲ್ಲ. ನಮಗೆ ನೃತ್ಯ ಕಲಿಸಿದ ಟೀಚರ್ ಸೀಟಿ ಊದಿದ ಸದ್ದು ಮಾತ್ರ ಒಮ್ಮೊಮ್ಮೆ ಕೇಳಿ ಬೆನ್ನು ನೆಟ್ಟಗಾಗುತ್ತದೆ.

ಟೀಚರ್ ಮಾಡಿಟ್ಟ ಎರಡು ನಿಯಮಗಳೂ ಹಾಗೇ ಇವೆ, ನಿನಗೆ ನೆನಪಿರಲೇಬೇಕು. ಕುಣಿಯುವ ಜಾಗಕ್ಕೆ ಹೋದ ಮೇಲೆ ನೃತ್ಯ ಮುಗಿಯುವವರೆಗೆ ನೋಡಲು ಬಂದವರ ಜೊತೆ ಯಾರೂ ಮಾತಾಡುವಂತಿಲ್ಲ. "ನಾವು ಹೇಳೋಕೆ ಬಂದಿಲ್ಲ ಮಕ್ಕಳೇ, ತೋರ್ಸೋಕೆ ಬಂದಿದ್ದೀವಿ. ಬಾಯಿ ಬಿಟ್ರೆ ಕೆಡ್ತು" ಎನ್ನುತ್ತಿದ್ದರು. ಎರಡನೆಯದು, ಹೊರಡುವ ಮೊದಲು ವೃತ್ತದಲ್ಲಿ ನಿಂತು, ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇದ್ದರೆ, ಯಾರಿಗಾದರೂ ನೋವು ಮಾಡಿದ್ದರೆ, ಹೇಳಿ ಸರಿಮಾಡಿಕೊಂಡೇ ಚೌಕದೊಳಗೆ ಕಾಲಿಡಬೇಕು. ಮುನಿಸು ಇಟ್ಟುಕೊಂಡು ಕರ್ತನ ಕಥೆ ಕುಣಿಯುವಂತಿಲ್ಲ. ನೀನು ಒಮ್ಮೆ ಬಾಚಣಿಗೆಯ ವಿಷಯಕ್ಕೆ ನೃತ್ಯದಲ್ಲಿ ನದಿಗೆಂದು ನೀಲಿ ಬಟ್ಟೆ ಹಿಡಿಯುತ್ತಿದ್ದ ಅವಳಿ ಹುಡುಗಿಯರಲ್ಲಿ ಒಬ್ಬಳ ಹತ್ತಿರ ಕ್ಷಮೆ ಕೇಳಿ, ಆಮೇಲೆ ಅದು ಇನ್ನೊಬ್ಬಳೆಂದು ತಿಳಿದು ಮತ್ತೆ ಮೊದಲಿಂದ ಕೇಳಿದ್ದೆ. ಹಾಡು ಹಾಕುವವನಿಗೂ ನಿಯಮ ಅದೇ. ನನ್ನ ಸರದಿ ಬಂದಾಗ ಇಷ್ಟು ವರ್ಷವೂ ನಾನು ಹೇಳಿದ್ದು ಒಂದೇ: ನಂದೇನೂ ಇಲ್ಲ, ಮುಂದೆ ನಡೀರಿ.

ಈಗ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಬೆಳಿಗ್ಗೆ ನಾವು ಇಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಕುಣಿಯಬೇಕು. ಅವರು ಕೇಳಿರುವುದು ಎದ್ದೇಳುವ ನೃತ್ಯ. ತೀರಿಕೊಂಡ ಹುಡುಗಿಯ ಕೈಹಿಡಿದು ಕರ್ತನು ಎಬ್ಬಿಸುವ ನೃತ್ಯ, ನಿನ್ನದು. ಆಗ ನೀನಾಗಿದ್ದ ಚಾಪೆಯ ಮೇಲಿನ ಹುಡುಗಿ ಈಗ ಸಾಸಿವೆ. ಅವಳು ಏಳುವುದನ್ನು ನೀನು ನೋಡಬೇಕು ಅಕ್ಕ. ಕೈಯಿಂದ ಶುರುಮಾಡುವುದಿಲ್ಲ, ನಿನ್ನ ಹಾಗೆಯೇ ಉಸಿರಿನಿಂದ ಶುರುಮಾಡುತ್ತಾಳೆ. ಯಾರೂ ಕಲಿಸಿದ್ದಲ್ಲ. ಕಳೆದ ವಾರ ಅವಳು ನಿನಗೆ ಫೋನ್ ಮಾಡಿ ಖುಷಿಯಿಂದ ಇದನ್ನು ಹೇಳಿದಾಗ ನೀನು "ಆ ಡ್ಯಾನ್ಸ್ ಬೇಡ" ಎಂದು ಇಟ್ಟುಬಿಟ್ಟೆಯಂತೆ. ಕಾರಣ ಕೇಳಲು ಮತ್ತೆ ಮಾಡಿದರೆ ಒಲೆಯ ಮೇಲೆ ಏನೋ ಉಕ್ಕುತ್ತಿತ್ತಂತೆ. ನನ್ನ ಜೊತೆ ಮಾತಾಡುವಾಗಲೂ ಆ ಆಸ್ಪತ್ರೆಯ ಹೆಸರೆತ್ತಿದರೆ ನಿನ್ನ ಒಲೆ ಉಕ್ಕುತ್ತದೆ. ಅದಕ್ಕೇ ಈ ಕಾಗದ. ಕಾಗದ ಹಿಡಿದುಕೊಂಡು ಒಲೆಯ ಹತ್ತಿರ ಹೋಗಬೇಡ.

ಇವತ್ತು ಬೆಳಿಗ್ಗೆ ವೃತ್ತದಲ್ಲಿ ನಾನು ಎಂದಿನಂತೆ ನಂದೇನೂ ಇಲ್ಲ ಎಂದೆ. ಸಾಸಿವೆ ನನ್ನ ಎದುರಿಗೇ ನಿಂತಿದ್ದಳು. "ಮಾವ, ನಮ್ಮಮ್ಮ ಯಾಕೆ ಡ್ಯಾನ್ಸ್ ಬಿಟ್ಟಿದ್ದು ಅಂದ್ರೆ ನೀನು ಫೋನ್ ಚಾರ್ಜ್ ಮಾಡೋಕೆ ಹೋಗ್ತೀಯ, ಅಮ್ಮ ಒಲೆ ಹತ್ರ ಹೋಗ್ತಾಳೆ. ಇಬ್ರೂ ಒಂದೇ ಸ್ಕೂಲಲ್ಲಿ ಓದಿದ್ದಾ ಹೇಗೆ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. "ಅಮ್ಮ ಹೂಂ ಅನ್ನೋವರ್ಗೂ ನಾನು ಚಾಪೆ ಮೇಲೆ ಮಲಗಲ್ಲ" ಎಂದು ಚೌಕದಿಂದ ಹೊರಗೆ ಹೋಗಿ ಕೂತಳು. ಆ ಪಾತ್ರಕ್ಕೆ ಬೇರೆ ಯಾರೂ ತಯಾರಾಗಿಲ್ಲ. ಅವಳು ಮಲಗದಿದ್ದರೆ ಶುಕ್ರವಾರ ನೃತ್ಯವಿಲ್ಲ. ಅದು ದೊಡ್ಡ ಮಾತಲ್ಲ, ಆಸ್ಪತ್ರೆಯವರಿಗೆ ಎರಡು ಹಾಡು ಹಾಡಿ ಬರಬಹುದು. ಆದರೆ ಅವಳು ಇದನ್ನು ಬಿಟ್ಟರೆ ನಿನ್ನ ಹಾಗೆ ಪೂರ್ತಿ ಬಿಡುತ್ತಾಳೆ. ಆ ಹಟ ಎಲ್ಲಿಂದ ಬಂತೆಂದು ನಾನು ಹೇಳಬೇಕಾಗಿಲ್ಲ.

ಕಾರಣವನ್ನು ಅವಳಿಗೆ ನಾನು ಹೇಳಿಲ್ಲ. ಹೇಳುವುದಾದರೆ ಏನು ಹೇಳಬೇಕು ಎಂದು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಮತ್ತೆ ನೆನೆದೆ. ಇದೇ ಆಸ್ಪತ್ರೆಯ ವಾರ್ಡು, ಎರಡು ಸಾಲು ಕಬ್ಬಿಣದ ಮಂಚ, ನಡುವೆ ನಮ್ಮ ಚಾಪೆ. ಹಸಿರು ಸ್ವೆಟರಿನ ಆ ತಾಯಿ ಬಾಗಿಲ ಹತ್ತಿರದ ಮಂಚದ ಮೇಲೆ ಮಗಳನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಳು. ಮಗುವಿಗೆ ಐದೋ ಆರೋ ವರ್ಷ, ಎರಡು ಕಾಲಿಗೂ ಪಟ್ಟಿ. ನೀನು ಎದ್ದೆ. ನರ್ಸ್ ಒಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲುವ ಮೊದಲೇ ಆ ತಾಯಿ ಮಗುವನ್ನು ಎತ್ತಿಕೊಂಡು ಬಂದು, ನೀನು ಎದ್ದು ಬಂದ ಚಾಪೆಯ ಮೇಲೆ ಮಲಗಿಸಿ, "ಈಗ ಇವಳಿಗೂ ಮಾಡಮ್ಮ" ಎಂದಳು. ನೀನು ಕೂತು ಮಗುವಿನ ಕೈ ಹಿಡಿದೆ. ಟೇಪು ತನ್ನ ಪಾಡಿಗೆ ಮುಂದಿನ ಹಾಡಿಗೆ ಹೋಯಿತು, ಚಪ್ಪಾಳೆ ತಟ್ಟುವ ಹಾಡು. ನನ್ನ ಕೈ ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಮಗು ಆ ಹಾಡಿಗೆ ನಗುತ್ತ ತಲೆ ಆಡಿಸುತ್ತಿತ್ತು. ಇಡೀ ಹಾಡು ಮುಗಿಯಿತು. ಕಾಲು ಅಲುಗಲಿಲ್ಲ. ಆಮೇಲೆ ಆ ತಾಯಿಯೇ ನಿನ್ನ ಭುಜ ಮುಟ್ಟಿ "ಪರವಾಗಿಲ್ಲ ಬಿಡು ಕಂದಾ, ನೀನೇನು ಮಾಡ್ತೀಯ" ಎಂದಳು. ಅವಳು ನಿನ್ನನ್ನು ಸಮಾಧಾನ ಮಾಡಿದಳು. ಆ ದಿನ ಅವರ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟ ನಿನ್ನನ್ನು ಎಬ್ಬಿಸಿಕೊಂಡು ಬರಲು ಟೀಚರಿಗೆ ಒಂದು ಗಂಟೆ ಹಿಡಿಯಿತು.

ವ್ಯಾನಿನಲ್ಲಿ ನೀನು ಹೇಳಿದ್ದು ಆಗ. ಮರೆತಿದ್ದ ಇನ್ನರ್ಧವೂ ಬರೆಯುತ್ತ ಬರೆಯುತ್ತ ನೆನಪಾಯಿತು. ಏಳುವಾಗ ಕಣ್ಣು ತೆರೆದು ಮೊದಲು ಅವಳ ಕಡೆಯೇ ನೋಡಿದೆ, ಆ ನೋಟದಲ್ಲಿ ಅವಳಿಗೆ ಆಸೆ ಕೊಟ್ಟೆ, ಅದಕ್ಕೇ ಬಂದಳು ಎಂದು. ಟೀಚರ್ ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನ ವೃತ್ತಕ್ಕೆ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಪ್ರಾರ್ಥನೆಗೆ ಹೋಗುತ್ತೀಯ, ಹಿಂದಿನ ಬೆಂಚಿನಲ್ಲಿ ಕೂರುತ್ತೀಯ, ಎಲ್ಲರೂ ಕೈಯೆತ್ತಿ ಹಾಡುವಾಗ ನಿನ್ನ ಕೈ ಮಡಿಲಲ್ಲೇ ಇರುತ್ತದೆ. ನಾನು ನೋಡಿದ್ದೇನೆ. ಒಂದು ನೋಟಕ್ಕೆ ಇಷ್ಟು ದೀರ್ಘ ಶಿಕ್ಷೆ ಯಾವ ನ್ಯಾಯವೋ ನನಗೆ ತಿಳಿಯದು.

ವ್ಯಾನ್ ಡ್ರೈವರ್ ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡುತ್ತಾನೆ, ನಿಮ್ಮೂರಿನ ಮೇಲೆಯೇ ಹೋಗಿ ಗುರುವಾರ ವಾಪಸು ಬರುತ್ತಾನೆ. ಅವನ ಕೈಯಲ್ಲೇ ಉತ್ತರ ಕಳಿಸು. ಉದ್ದ ಬರೆಯಬೇಕೆಂದಿಲ್ಲ, ಹೂಂ ಅಥವಾ ಬೇಡ. ಬೇಡ ಎಂದರೆ ಯಾಕೆಂದು ಅವಳಿಗೆ ನೀನೇ ಬರೆ, ಅವಳಿಗೆ ಹತ್ತೊಂಬತ್ತಾಯಿತು. ಭಾವನಿಗೆ ನನ್ನ ವಂದನೆ. ಕರ್ತನು ನಿನ್ನ ಮನಸ್ಸನ್ನೂ ಆ ಮೊಣಕಾಲನ್ನೂ ಕಾಯಲಿ.

ಇಂತಿ ನಿನ್ನ,
ತಮ್ಮ

ವಿ.ಸೂ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಅಂಟಿಸಿದ್ದ ಲಕೋಟೆಯನ್ನು ಹರಿದು ನಿಂತುಕೊಂಡೇ ಬರೆಯುತ್ತಿದ್ದೇನೆ. ಆ ತಾಯಿ ನಿನ್ನ ನೋಟ ಕಂಡು ಬರಲಿಲ್ಲ. ನೀವೆಲ್ಲ ಒಳಗೆ ತಯಾರಾಗುತ್ತಿದ್ದಾಗ ಅವಳು ಕಾರಿಡಾರಿನಲ್ಲಿ ನೀರು ಹಿಡಿಯಲು ಬಂದು, ಈ ಚಾಪೆ ಯಾಕಪ್ಪ ಎಂದು ಕೇಳಿದಳು. ಮಾತಾಡಬಾರದೆಂದು ನನಗೆ ಗೊತ್ತಿತ್ತು, ಆದರೂ ಹೇಳಿದೆ. "ಮುಗಿದ ತಕ್ಷಣ ನಿಮ್ಮ ಮಗೂನ ಇದರ ಮೇಲೆ ಮಲಗ್ಸಿ, ನಮ್ಮಕ್ಕ ಕೈ ಹಿಡಿದ್ರೆ ಎದ್ದೇಳ್ತಾಳೆ" ಎಂದೆ. ನನಗಾಗ ಹದಿನೇಳು, ನಾನು ಅದನ್ನು ನಿಜವಾಗಿ ನಂಬಿದ್ದೆ. ವ್ಯಾನಿನಲ್ಲಿ ನಿನ್ನ ಹಿಂದಿನ ಸೀಟಿನಲ್ಲೇ ಕೂತಿದ್ದರೂ ಬಾಯಿ ಬರಲಿಲ್ಲ. ಆಮೇಲೆ ಪ್ರತಿ ವೃತ್ತದಲ್ಲೂ ನಂದೇನೂ ಇಲ್ಲ ಎಂದೆ. ಕ್ಷಮಿಸು ಎಂದು ಕಾಗದದಲ್ಲಿ ಕೇಳಿದರೆ ಸಾಲದು, ನೀನು ಕರೆದರೆ ಬಂದು ಎದುರಿಗೇ ಕೇಳುತ್ತೇನೆ. ಶುಕ್ರವಾರದ ಉತ್ತರವನ್ನು ಇದನ್ನು ಓದಿದ ಮೇಲೆ ಕೊಡು, ಸಾಸಿವೆಗೂ ಇದನ್ನು ಇವತ್ತೇ ಹೇಳುತ್ತೇನೆ. ಒಂದೇ ಒಂದು ಕೇಳಬೇಕು ಅಕ್ಕ. ಆ ಮಂಚದ ಪಕ್ಕ ಅಷ್ಟು ಹೊತ್ತು ಕೂತಿದ್ದೆಯಲ್ಲ, ಅವಳು ಅವತ್ತೇ ನಿನಗೆ ಇದನ್ನು ಹೇಳಿದ್ದಳಾ? ಹೇಳಿದ್ದರೂ ನನ್ನನ್ನು ಬಿಟ್ಟುಕೊಡಬಾರದೆಂದು ನೀನೇ ತಪ್ಪನ್ನು ನಿನ್ನ ಕಣ್ಣಿನ ಮೇಲೆ ಹಾಕಿಕೊಂಡೆಯಾ?