ಹೂಂ ಅನ್ನುವ ಮೊದಲು

೧೧ ಮಾರ್ಚ್, ಬುಧವಾರ

ಇವತ್ತು ಬೈಲಹೊಂಗಲದ ಕೋರ್ಟಿನಲ್ಲಿ ನಮ್ಮ ಮನೆಯವರು ತಪ್ಪು ಒಪ್ಪಿಕೊಂಡೇಬಿಡುತ್ತಿದ್ದರು.

ಚಚಡಿಯಲ್ಲಿ ಗೆಳೆಯನ ಮದುವೆಗೆ ಹೋದವರು ಕುಡಿದು ಬೈಕು ಓಡಿಸಿದರೆಂದು ಪೊಲೀಸರು ಕೇಸು ಹಾಕಿದ್ದರು. ಅಂದಿನಿಂದ ಇವರದು ಒಂದೇ ಮಾತು. "ಹೂಂ ಅಂತೇನಿ, ದಂಡ ಕಟ್ಟತೇನಿ, ಮುಗೀತು. ವಕೀಲರು ಯಾಕ?" ಆದರೆ ಇವರು ಶಾಲೆಯ ಬಸ್ಸು ಓಡಿಸುವವರು. ಲೈಸೆನ್ಸು ಹೋದರೆ ಕೆಲಸವೂ ಹೋಯಿತು. ಅದಕ್ಕೇ ಇವರಿಗೆ ಹೇಳದೆ ಶೀತಲ ವಕೀಲರನ್ನು ಕೋರ್ಟಿಗೆ ಬರಹೇಳಿದ್ದೆ.

ವಕೀಲರನ್ನು ಕಂಡು ಇವರು ಸಿಟ್ಟಿನಿಂದ ನನ್ನನ್ನೇ ನೋಡುತ್ತಿದ್ದರು. ಶೀತಲ ಇವರನ್ನು ಮೆಲ್ಲಗೆ ಕೇಳಿದರು, "ಪೊಲೀಸರು ಹಿಡದಾಗ ಗಾಡಿ ಹೊಡ್ಯಾಕ ಹತ್ತಿದ್ರೇನ್ರಿ?"

"ಇಲ್ರಿ. ಕುಡದಿದ್ನಲ್ರಿ, ಅದಕ್ಕ ಮದುವಿ ಮನಿಯಿಂದನ ನೂಕ್ಕೊಂಡು ಹೊಂಟಿದ್ದೆ. ಆದ್ರ ಕುಡದಿದ್ದು ಖರೆ ಅಲ್ರಿ?"

"ಕುಡದಿದ್ದಕ್ಕಲ್ರಿ ಈ ಕೇಸು, ಕುಡದು ಗಾಡಿ ಹೊಡದಿದ್ದಕ್ಕ. ಕೋರ್ಟು ಒಪ್ಪತೈತೋ ಇಲ್ಲೋ ಈಗ ಹೇಳಾಕ ಬರೂದಿಲ್ಲ. ನೋಡಿದವರನ್ನ ಕರಸೋಣು. ಹೂಂ ಮಾತ್ರ ಅನಬ್ಯಾಡ್ರಿ."

ಅಷ್ಟರಲ್ಲಿ ಹೆಸರು ಕೂಗಿದರು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದಾಗ ಇವರ ತುಟಿ ಅಲುಗಿತು. "ಇಲ್ರಿ ಸಾಹೇಬ್ರ," ಅಂದರು. ವಿಚಾರಣೆ ಮುಂದಕ್ಕೆ ಹೋಗಿದೆ.

ಊರಿಗೆ ಮರಳುವಾಗ ಬಸ್ಸಿನ ಕಿಟಕಿಯಾಚೆ ನೋಡುತ್ತ ಇವರು ಅಂದರು, "ಗಾಡಿ ಹೊಡ್ಯಾಕ ಹತ್ತಿದ್ದೇನು ಅಂತ ಇಷ್ಟ ದಿನ ಯಾರೂ ಕೇಳಲೇ ಇಲ್ಲ ನೋಡು, ಶೈಲಾ."

ಯಾರೂ ಎಂದರೆ ನಾನೂ. ಈಗ ರಾತ್ರಿ ಇದನ್ನು ಬರೆಯುವಾಗ ಪಕ್ಕದಲ್ಲಿ ಇವರು ಎಚ್ಚರವಾಗಿಯೇ ಇದ್ದಾರೆ. ದೀಪ ಆರಿಸುವ ಮೊದಲು ಇವರಿಗೆ, ನಾನೂ ಕೇಳಲಿಲ್ಲ, ತಪ್ಪಾಯಿತು ಅನ್ನಬೇಕು.