ಎಡಗಿವಿಯ ಲೋಲಾಕು

ಸೋಮವಾರ, ಮಧ್ಯಾಹ್ನ

ಚಿನಕುರಳಿಗೆ,

ನಿನ್ನನ್ನು ಈಗಲೂ ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಪತ್ರಿಕೆಯಲ್ಲಿ ನಿನ್ನ ಫೋಟೊದ ಕೆಳಗೆ ದೊಡ್ಡ ದೊಡ್ಡ ವಿಶೇಷಣಗಳಿದ್ದವು. ಆದರೆ ನೀನು ಈ ಮನೆಗೆ ಕಿರಿಸೊಸೆಯಾಗಿ ಬಂದ ವಾರದಲ್ಲೇ, ಪಟಪಟ ಮಾತಾಡುವುದನ್ನು ಕೇಳಿ ನಾನಿಟ್ಟ ಹೆಸರಿದು. ಕೊಟ್ಟದ್ದನ್ನು ವಾಪಸು ಕೇಳುವ ಅಭ್ಯಾಸ ನನಗಿಲ್ಲ, ಇಟ್ಟುಕೋ.

ಅಕ್ಷರ ಸೊಟ್ಟಪಟ್ಟ ಇದ್ದರೆ ನಗಬೇಡ. ಪೆನ್ನು ಸರಿಯಿಲ್ಲ, ಮೇಜಿನ ಒಂದು ಕಾಲು ಅಲುಗಾಡುತ್ತದೆ. ಅದೇ ಮೇಜು, ಅಡುಗೆಮನೆಯ ಕಿಟಕಿಯ ಪಕ್ಕದ್ದು. ನಿನ್ನ ಇಕ್ಕಳ ಜಾರಿ ಬಿದ್ದು ಆದ ಗೀರು ಇನ್ನೂ ಹಾಗೆಯೇ ಇದೆ.

ನಿನ್ನ ಪತ್ರ ಬಂತು. ನೀವು ಗಂಡಹೆಂಡತಿ ಈ ಮನೆ ಬಿಟ್ಟು ಹೋದ ಮೇಲೆ ಇದೇ ಮೊದಲನೆಯದು. ಅತ್ತೆಯ ಮಂಡಿನೋವು ಹೇಗಿದೆ, ಭಾವ ಹೇಗಿದ್ದಾರೆ ಎಂದೆಲ್ಲ ವಿಚಾರಿಸಿ, ಎರಡನೇ ಪುಟದ ಕೊನೆಗೆ ವಿಷಯಕ್ಕೆ ಬಂದಿದ್ದೀಯ. ದೊಡ್ಡ ಮಳಿಗೆಯವರು, ತಂತಿಯ ಸುರುಳಿಯೊಳಗೆ ಮಣಿ ಕೂರಿಸಿದ ನಮ್ಮ ಹಳೆಯ ಬಸವನಹುಳು ಲೋಲಾಕು ಕೇಳಿದ್ದಾರೆ. ನಿನ್ನ ಅಂಗಡಿಯ ಹುಡುಗಿಯರಿಗೆ ಬಲಗಿವಿಯದು ಚೆನ್ನಾಗಿ ಬರುತ್ತದೆ, ಎಡಗಿವಿಯದು ಬರುವುದಿಲ್ಲ. ಉಲ್ಟಾ ಸುತ್ತಿಸಿ ನೋಡಿದೆಯಂತೆ, ತಂತಿ ಸಡಿಲವಾಗಿ ಮಣಿ ಜಾರಿ ಬೀಳುತ್ತದಂತೆ. ಆದ್ದರಿಂದ ಎಡಗಿವಿಯದನ್ನೆಲ್ಲ ಅಕ್ಕ ಮಾಡಿಕೊಡಬೇಕು. ‘ಕೂಲಿ ಎಷ್ಟಾದರೂ ಸರಿ, ಸಂಕೋಚ ಬಿಟ್ಟು ಹೇಳಿ’ ಎಂದು ಬೇರೆ ಬರೆದಿದ್ದೀಯ.

ಕೂಲಿ. ಆ ಮಾತನ್ನು ಓದಿ ಕಾಗದ ಮಡಚಿಟ್ಟು ಅಕ್ಕಿ ಆರಿಸಲು ಕೂತೆ. ಕಲ್ಲನ್ನು ಪಾತ್ರೆಗೆ ಹಾಕಿ ಅಕ್ಕಿಯನ್ನು ಎಸೆಯುತ್ತಿದ್ದೆನೆಂದು, ಅಕ್ಕಿ ಕಾಲಿಗೆ ತಗಲಿ ಅತ್ತೆ ಕೂಗಿದಾಗಲೇ ಗೊತ್ತಾಗಿದ್ದು.

ಹುಡುಗಿಯರಿಗೆ ಅದು ಏಕೆ ಬರುವುದಿಲ್ಲವೆಂದು ನಿನಗೆ ಗೊತ್ತಿಲ್ಲವೆ? ತಂತಿಯನ್ನು ತನ್ನ ಕಡೆಗೆ ಎಳೆದು ಸುತ್ತಿದರೆ ಬಿಗಿ ಬರುತ್ತದೆ, ಆಚೆಗೆ ತಳ್ಳಿ ಸುತ್ತಿದರೆ ಬರುವುದಿಲ್ಲ. ಬಲಗೈಯವಳು ಎಳೆದರೆ ಸುರುಳಿ ಒಂದು ಕಡೆಗೆ ತಿರುಗುತ್ತದೆ, ನನ್ನಂಥ ಎಡಚಿ ಎಳೆದರೆ ಇನ್ನೊಂದು ಕಡೆಗೆ. ಎಡಗಿವಿಯದು ನನ್ನದು, ಬಲಗಿವಿಯದು ನಿನ್ನದು. ಹಾಕಿಕೊಂಡಾಗ ಎರಡು ಸುರುಳಿಯೂ ಮುಖದ ಕಡೆಗೆ ತಿರುಗಿ ನಿಲ್ಲುತ್ತಿದ್ದವು. ಊರಿನ ಹೆಂಗಸರು ಅದನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕೇ. ಒಬ್ಬಳ ಕೈಯಲ್ಲಿ ಆಗದ ಕೆಲಸವದು.

ನೆನಪು ಮಾಡಿಕೊಡುತ್ತೇನೆ, ಸುಖ ಹೆಚ್ಚಾದಾಗ ಮರೆವೂ ಹೆಚ್ಚುತ್ತದೆ. ಮೋಟಾರು ರಿಪೇರಿ ಮಾಡುವ ನಮ್ಮ ಗಂಡಂದಿರು, ಅಣ್ಣತಮ್ಮ ಇಬ್ಬರೂ, ಸುಟ್ಟ ಮೋಟಾರುಗಳಿಂದ ಬಿಚ್ಚಿ ತಂದ ತಾಮ್ರದ ತಂತಿಯನ್ನು ನಾನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸುತ್ತಿದ್ದೆ. ‘ನಾವು ಸುತ್ತಿ ಸುತ್ತಿ ಸಾಯ್ತೀವಿ, ಮನೆಗೆ ತಂದ್ರೆ ಇವಳು ಮತ್ತೆ ಅದನ್ನೇ ಸುತ್ತುತ್ತಾಳೆ’ ಎಂದು ನಿನ್ನ ಭಾವ ಛೇಡಿಸುತ್ತಿದ್ದರು. ನೀನು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ‘ನಂಗೂ ಹೇಳಿಕೊಡಿ ಅಕ್ಕಾ’ ಎಂದೆ. ಪಕ್ಕದಲ್ಲಿ ಕೂತು ನೋಡಿ ಮಾಡಿದ್ದೆಲ್ಲ ಗೋಜಲಾಯಿತು. ಮಣಿ ಚೆಲ್ಲಾಪಿಲ್ಲಿಯಾಯಿತು, ನಿನಗೆ ಅಳು ಬಂತು. ಅತ್ತೆಯಂತೂ ‘ಮನೆಗೆ ಒಬ್ಬಳು ಎಡಚಿ ಸಾಲದು ಅಂತ ಇನ್ನೊಬ್ಬಳನ್ನ ತಯಾರು ಮಾಡ್ತಿದ್ದೀಯೇನೇ?’ ಎಂದರು. ಆಗ ನಾನೇ ನಿನ್ನನ್ನು ಎಬ್ಬಿಸಿ ಎದುರಿಗೆ ಕೂರಿಸಿದೆ. ‘ಕನ್ನಡಿ ನೋಡ್ಕೊಂಡು ತಲೆ ಬಾಚ್ಕೊಳ್ಳಲ್ವಾ? ನಾನೇ ಕನ್ನಡಿ ಅಂದ್ಕೋ, ನನ್ನ ಕೈ ನೋಡ್ಕೊಂಡು ಮಾಡು’ ಎಂದೆ. ಆ ಸಂಜೆಯೇ ನಿನಗೆ ಸುರುಳಿ ಬಂತು. ಕುಣಿದಾಡಿಬಿಟ್ಟೆ. ನಾನೂ ಕುಣಿದೆ, ಬೆಪ್ಪಿ.

ಹೋದ ತಿಂಗಳು ಪತ್ರಿಕೆಯವರು ನಿನಗೆ ಯಾರು ಕಲಿಸಿದರು ಎಂದು ಕೇಳಿದ್ದಾರೆ. ‘ಯಾರೂ ಇಲ್ಲ, ಕನ್ನಡಿ ಮುಂದೆ ಕೂತು ನಾನೇ ಕಲಿತೆ’ ಎಂದಿದ್ದೀಯ.

ಅತ್ತೆಗೆ ಕಣ್ಣು ಮಂಜಾಗಿರುವುದರಿಂದ ನಾನೇ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಆ ಸಾಲನ್ನು ಹಾರಿಸೋಣವೆಂದುಕೊಂಡೆ, ಹಾರಿಸಲಿಲ್ಲ. ಅತ್ತೆ, ‘ಅವಳ ಮನೇಲಿ ಅಷ್ಟು ದೊಡ್ಡ ಕನ್ನಡಿ ಇದ್ಯಂತಾ?’ ಎಂದರು. ಅವರು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ನಿನ್ನ ಭಾವ ಮಾತ್ರ ‘ಹೋಗ್ಲಿ ಬಿಡೇ, ಅವಳೇನು ನಿನ್ನ ಕೈ ಕಿತ್ಕೊಂಡು ಹೋದ್ಲಾ?’ ಎಂದು ಎದ್ದು ಹೋದರು.

ಹತ್ತಿದ ಏಣಿಯನ್ನು ಒದೆಯುವವರನ್ನು ನೋಡಿದ್ದೇನೆ. ಏಣಿಯೇ ಇರಲಿಲ್ಲ, ಹಾರಿಕೊಂಡು ಬಂದೆ ಎನ್ನುವವರನ್ನು ಈಗಲೇ ನೋಡಿದ್ದು. ನನ್ನ ಫೋಟೊ ಹಾಕಿಸಬೇಕಿರಲಿಲ್ಲ, ಹೆಸರೂ ಬೇಕಿರಲಿಲ್ಲ. ‘ನಮ್ಮಕ್ಕ’ ಎಂದು ಒಂದೇ ಒಂದು ಮಾತು ಬಂದಿದ್ದರೆ ಸಾಕಿತ್ತು. ಹೋಗುವ ದಿನ ಬಾಗಿಲಲ್ಲಿ ನಿಂತು, ‘ಅಂಗಡಿ ತೆಗೆದ ತಕ್ಷಣ ನಿಮ್ಮನ್ನ ಕರೆಸ್ಕೊಳ್ತೀನಿ, ಎದುರುಬದುರು ಎರಡು ಕುರ್ಚಿ ಹಾಕಿಸ್ತೀನಿ’ ಎಂದವಳು ನೀನು. ನಾನು ಆ ಮಾತನ್ನು ನಂಬಿ, ಅಂಗಡಿಗೆ ಉಟ್ಟುಕೊಂಡು ಹೋಗಲು ಸೀರೆಯೊಂದನ್ನು ಬೇರೆಯಾಗಿ ಎತ್ತಿಟ್ಟಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ನಾಚಿಕೆಗಿಂತ ಸಿಟ್ಟು ಹೆಚ್ಚಿರುವುದರಿಂದ ಹೇಳುತ್ತಿದ್ದೇನೆ.

ನೀನು ಹೋದಾಗ ನಾವಿಬ್ಬರೂ ಒಪ್ಪಿಕೊಂಡಿದ್ದ ಕೆಲಸ ಅರ್ಧಕ್ಕೆ ನಿಂತಿತ್ತು. ಡಬ್ಬಿ ತುಂಬ ಎಡಗಿವಿಯ ಲೋಲಾಕು, ಒಂದಕ್ಕೂ ಜೋಡಿಯಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂದು ಬಲಗಿವಿಯದನ್ನೂ ನಾನೇ ಮಾಡಿ ಮುಗಿಸಿದೆ. ಹೇಗೆ ಎಂದು ಕೇಳಬೇಡ. ಮಣಿ ಒಂದೂ ಜಾರಿ ಬೀಳಲಿಲ್ಲ.

ಆದ್ದರಿಂದ ನನ್ನ ಉತ್ತರ ಇಷ್ಟೆ: ಆಗುವುದಿಲ್ಲ. ನನಗೂ ಕೈತುಂಬ ಕೆಲಸವಿದೆ. ಮನೆ ಬಾಗಿಲಿಗೆ ಬಂದು ಕೇಳುವವರಿಗೆ ಮಾಡಿಕೊಡುವುದರಲ್ಲೇ ಪುರುಸೊತ್ತಿಲ್ಲ. ದೊಡ್ಡ ಮಳಿಗೆಯವರಿಗೆ ಎರಡು ಕಿವಿಗೂ ಬಲಗಿವಿಯದನ್ನೇ ಕೊಡು. ಕನ್ನಡಿ ಮುಂದೆ ಕೂತು ಅದನ್ನು ಕಲಿತವಳು, ಇದನ್ನೂ ಕಲಿತುಕೋ.

ನಿನ್ನ ಗಂಡನಿಗೆ ಆರೋಗ್ಯ ನೋಡಿಕೊಳ್ಳಲು ಹೇಳು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಅತ್ತೆ ಆಶೀರ್ವಾದ ತಿಳಿಸು ಎಂದಿದ್ದಾರೆ, ತಿಳಿಸಿದ್ದೇನೆ.

ಇಂತು,
ನಿನ್ನ ಓರಗಿತ್ತಿ, ಎಡಚಿ

ಮರೆತ ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಪೆನ್ನು ಸರಿಯಾಗಿಯೇ ಇದೆ. ಇದನ್ನು ಬಲಗೈಯಲ್ಲಿ ಬರೆದಿದ್ದೇನೆ. ನೀನು ಬಿಟ್ಟುಹೋದ ಬಲಗಿವಿಯದನ್ನೆಲ್ಲ ಎಡಗೈಯಲ್ಲಿ ಆಚೆಗೆ ತಳ್ಳಿ ತಳ್ಳಿ ಸುತ್ತಿದೆನಲ್ಲ, ಬಿಗಿ ಬರಲೆಂದು ಮಣಿಕಟ್ಟಿನ ಮೇಲೆ ಜೋರು ಹಾಕಿದೆ. ನರ ಕೆಟ್ಟಿತು. ಡಾಕ್ಟರು ಕೊಯ್ದು ನೋಡಿದರೂ ಹೆಬ್ಬೆರಳು ತೋರುಬೆರಳಿಗೆ ತಾಗುವುದಿಲ್ಲ. ಬಾಗಿಲಿಗೆ ಬಂದು ಕೇಳುವವರು ಯಾರೂ ಇಲ್ಲ. ಮೊನ್ನೆ ಯಾರೂ ಇಲ್ಲದಾಗ ಇಕ್ಕಳವನ್ನು ಬಲಗೈಯಲ್ಲಿ ಹಿಡಿದು, ನೀನು ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಸುತ್ತಿದೆ. ಎಷ್ಟೋ ಹೊತ್ತಿಗೆ ಒಂದು ಸುರುಳಿ ಬಂತು. ಅದು ಬಲಗಿವಿಯದು, ನಿನ್ನದು. ಜೊತೆಗೆ ಹತ್ತಿಯಲ್ಲಿ ಸುತ್ತಿ ಕಳಿಸಿರುವುದು ನಾನು ಮಾಡಿದ ಎಡಗಿವಿಯದರಲ್ಲಿ ಕೊನೆಯದು. ಇನ್ನು ಮುಂದೆ ಇದು ಎಲ್ಲೂ ಸಿಗುವುದಿಲ್ಲ. ನಿನ್ನ ಆ ಕನ್ನಡಿಯ ಮುಂದೆ ಹಿಡಿದು ನೋಡು, ನಿನ್ನದೇ ಕಾಣುತ್ತದೆ.